ಹತ್ತೋದಲ್ಲ, ಇಳಿಯೋದೇ ಕಷ್ಟ: ನನ್ನ ಸಿ ಟು ಸಿ ಸೈಕಲ್ ಟ್ರಿಪ್

ನಾನೇನು ಸೈಕ್ಲಿಸ್ಟ್ ಅಲ್ಲ, ಮೊದ್ಲೇ ಹೇಳ್ಬಿಡ್ತೀನಿ. ಭಾನುವಾರ ಇಪ್ಪತ್ತು ಕಿಲೋಮೀಟರ್ ತುಳಿದ್ರೆ ಸೋಮವಾರ ಮೆಟ್ಲು ಇಳಿಯೋಕೆ ಗೋಡೆ ಹಿಡ್ಕೊಳ್ಳೋ ಪೈಕಿ. ಅಂಥೋನು ಇಂಗ್ಲೆಂಡಿನ ಪಶ್ಚಿಮದ ಸಮುದ್ರದಿಂದ ಪೂರ್ವದ ಸಮುದ್ರದ ತನಕ ಸೈಕಲ್ಲಲ್ಲೇ ಹೋದೆ. ವೈಟ್‌ಹೇವನ್‌ನಿಂದ ಟೈನ್‌ಮೌತ್‌ಗೆ, ಸುಮಾರು 225 ಕಿಮೀ, 1994ರಲ್ಲಿ ಶುರುವಾದ ಸಿ ಟು ಸಿ, ಅಂದ್ರೆ ಸಮುದ್ರದಿಂದ ಸಮುದ್ರಕ್ಕೆ ಅನ್ನೋ ಸೈಕಲ್ ರೂಟು ಇದು, ದಾರಿಯುದ್ದಕ್ಕೂ ನೀಲಿ ಬೋರ್ಡು ಇರತ್ತೆ. ಗಟ್ಟಿಗರು ಒಂದೇ ದಿನದಲ್ಲಿ ಮುಗಿಸಿದ್ದೂ ಇದೆ, ನಾನು ಮತ್ತೆ ನನ್ನ ಗೆಳೆಯ ಐದು ದಿನ ತಗೊಂಡ್ವಿ, ನಾಚಿಕೆ ಏನಿಲ್ಲ. ಬ್ಯಾಗುಗಳನ್ನ ಒಂದು ವ್ಯಾನ್‌ನೋರು ಲಾಡ್ಜಿಂದ ಲಾಡ್ಜಿಗೆ ಸಾಗಿಸಿದ್ರು, ಆ ದುಡ್ಡು ದಂಡ ಅಂತ ಒಂದು ಗಳಿಗೆನೂ ಅನ್ನಿಸ್ಲಿಲ್ಲ.

ಪಶ್ಚಿಮದಿಂದಲೇ ಯಾಕೆ ಶುರು ಅಂದ್ರೆ ಅಲ್ಲಿ ಗಾಳಿ ಸಾಮಾನ್ಯವಾಗಿ ಆ ಕಡೆಯಿಂದ ಬೀಸೋದು, ಬೆನ್ನಿಗೆ ಬೀಳತ್ತೆ. ಹಿಂದಿನ ಚಕ್ರ ಐರಿಷ್ ಸಮುದ್ರದಲ್ಲಿ ಅದ್ದಿ ಹೊರಡೋದು, ಮುಂದಿನ ಚಕ್ರ ಉತ್ತರ ಸಮುದ್ರದಲ್ಲಿ ಅದ್ದಿ ಮುಗಿಸೋದು ಅಲ್ಲಿನ ಪದ್ಧತಿ. ಅಲ್ಲಿಗೆ ರೈಲಲ್ಲಿ ಹೋಗೋರು ಮೊದ್ಲೇ ವಿಚಾರಿಸ್ಕೊಳ್ಳಿ, ಒಂದೊಂದು ರೈಲಲ್ಲಿ ಸೈಕಲ್‌ಗೆ ಇರೋದು ಬೆರಳೆಣಿಕೆ ಜಾಗ.

ಮೊದಲ ದಿನ ಹಳೇ ರೈಲು ದಾರಿ ಮೇಲೆ ನಿಧಾನಕ್ಕೆ ಏರ್ತಾ ಹೋಗ್ತೀವಿ, ಇಷ್ಟೇನಾ ಅನ್ನಿಸತ್ತೆ, ಆಮೇಲೆ ವಿನ್‌ಲಾಟರ್ ಪಾಸ್ ಅನ್ನೋ ಘಾಟಿ ಬಂದು ಆ ಜಂಬ ಇಳಿಸತ್ತೆ. ಕೆಸ್ವಿಕ್‌ಗೆ ಇಳಿಯೋವಾಗ ಮಳೆ, ಬ್ರೇಕ್ ಹಿಡಿದಾಗೆಲ್ಲ ಕಿರ್ರ್ ಅಂತ ಸದ್ದು, ಒದ್ದೆ ಆಗಿರ್ಬೇಕು ಅಂದ್ಕೊಂಡು ಸುಮ್ಮನಾದೆ. ಅದೇ ನಾನು ಮಾಡಿದ ತಪ್ಪು.

ಎರಡನೇ ದಿನ ಆರಾಮು. ಕೆಸ್ವಿಕ್‌ನಿಂದ ಥ್ರೆಲ್ಕೆಲ್ಡ್ ತನಕ ಗ್ರೇಟಾ ನದಿ ಪಕ್ಕದ ದಾರಿ ಇದ್ಯಲ್ಲ, 2015ರ ಡೆಸ್ಮಂಡ್ ಬಿರುಗಾಳಿಲಿ ಸೇತುವೆಗಳೇ ಕೊಚ್ಚಿಹೋಗಿ 2020ರಲ್ಲಿ ಮತ್ತೆ ತೆರೆದಿದ್ದು, ಅಷ್ಟು ಚೆಂದದ ಐದು ಕಿಲೋಮೀಟರ್ ಇಡೀ ಟ್ರಿಪ್ಪಲ್ಲಿ ಇನ್ನೊಂದಿಲ್ಲ. ರಾತ್ರಿ ಪೆನ್ರಿತ್‌ನಲ್ಲಿ ಉಳ್ಕೊಂಡ್ವಿ.

ಮೂರನೇ ದಿನ ಹಾರ್ಟ್‌ಸೈಡ್. 580 ಮೀಟರ್ ಎತ್ತರದ ಘಾಟಿ. ಗಾಬರಿ ಆಗೋಷ್ಟು ಏನಿಲ್ಲ, ಅತಿ ಸಣ್ಣ ಗೇರಲ್ಲಿ ಹಾಕ್ಕೊಂಡು ಮುಂದಿನ ಚಕ್ರ ನೋಡ್ಕೊಂಡು ತುಳೀತಾ ಇದ್ರೆ ಆಯ್ತು, ಕಲ್ಲುದಾರಿ ಇದ್ದ ಕಡೆ ಇಳಿದು ತಳ್ಳಿದೆ, ಕುರಿಗಳು ನಿಂತು ನೋಡಿದ್ವು. ಮೇಲಿದ್ದ ಕೆಫೆ 2018ರಲ್ಲಿ ಸುಟ್ಟುಹೋಗಿದೆ, ಹಾಗಾಗಿ ಬಿಸಿ ಚಹಾದ ಆಸೆ ಇಟ್ಕೋಬೇಡಿ, ಫ್ಲಾಸ್ಕ್ ಒಯ್ಯಿರಿ. ಮೋಡ ಕವಿದಿತ್ತು, ಏನೂ ಕಾಣ್ಲಿಲ್ಲ.

ಇಳಿಯೋಕೆ ಶುರು ಮಾಡಿದ ಮೇಲೆ ಗೊತ್ತಾಯ್ತು ಕಥೆ. ಬೆವರಿದ ಮೈಗೆ ಚಳಿಗಾಳಿ ಬಡಿದು ಬೆರಳು ಮರಗಟ್ಟಿದ್ವು, ಬ್ರೇಕ್ ಒತ್ತುತಾ ಇದೀನೋ ಇಲ್ವೋ ಅಂತಾನೂ ತಿಳೀತಿಲ್ಲ, ನೋಡಿದ್ರೆ ಲಿವರ್ ಹ್ಯಾಂಡಲ್‌ಗೆ ತಾಗ್ತಾ ಇದೆ, ಸೈಕಲ್ ಮಾತ್ರ ನಿಲ್ತಾ ಇಲ್ಲ! ಕಾಲು ನೆಲಕ್ಕೆ ಉಜ್ಜಿ ಹೆಂಗೋ ಹುಲ್ಲಿನ ಕಡೆಗೆ ತಿರುಗಿಸಿ ನಿಲ್ಲಿಸ್ದೆ. ಬ್ರೇಕ್ ಪ್ಯಾಡಲ್ಲಿ ಗೆರೆ ಥರ ಕಚ್ಚು ಇರತ್ತಲ್ಲ, ಅದು ಪೂರ್ತಿ ಸವೆದು ನುಣ್ಣಗಾಗಿತ್ತು, ರಬ್ಬರೊಳಗೆ ಮರಳಿನ ಕಣ ಕಚ್ಕೊಂಡಿತ್ತು. ಮಳೇಲಿ ರಸ್ತೆ ಮರಳು ರಿಮ್ಮಿಗೆ ಮೆತ್ಕೊಂಡು ಸ್ಯಾಂಡ್‌ಪೇಪರ್ ಥರ ತೇಯ್ದುಬಿಡತ್ತೆ ಅಂತ ಗೆಳೆಯ ಆಮೇಲೆ ಹೇಳ್ದ. ಪುಣ್ಯಕ್ಕೆ ಅವನ ಹತ್ರ ಒಂದು ಜೊತೆ ಪ್ಯಾಡ್ ಇತ್ತು. ನಾನು ಮೂರು ಟ್ಯೂಬ್ ಹೊತ್ಕೊಂಡು ಹೋಗಿದ್ದೆ, ಒಂದೇ ಒಂದು ಪಂಚರ್ ಆಗ್ಲಿಲ್ಲ.

ಹಾರ್ಟ್‌ಸೈಡ್ ಮುಗೀತಲ್ಲ ಅಂತ ಹಿಗ್ಗಬೇಡಿ. ಗ್ಯಾರಿಗಿಲ್ ಬಿಟ್ಟ ಕೂಡ್ಲೇ ಗೋಡೆ ಥರ ಏರು, ನೆಂಟ್‌ಹೆಡ್ ದಾಟಿದ ಮೇಲೆ ಬ್ಲ್ಯಾಕ್ ಹಿಲ್, ಅದು ಹಾರ್ಟ್‌ಸೈಡ್‌ಗಿಂತ ಎತ್ತರ, 609 ಮೀಟರ್. ಅವತ್ತು ಆಲನ್‌ಹೆಡ್ಸ್ ತಲುಪಿದಾಗ ಮಾತಾಡೋಕೂ ತ್ರಾಣ ಇರ್ಲಿಲ್ಲ.

ನಾಲ್ಕನೇ ದಿನ ಸ್ಟ್ಯಾನ್‌ಹೋಪ್ ಊರಿಂದ ಹತ್ತೋ ಕ್ರಾಲಿಸೈಡ್ ಏರನ್ನ ಪೂರ್ತಿ ತಳ್ಕೊಂಡೇ ಹೋದೆ. ಎಲೆಕ್ಟ್ರಿಕ್ ಸೈಕಲ್ಲಲ್ಲಿ ಬಂದ ವಯಸ್ಸಾದ ದಂಪತಿ ನಗ್ತಾ ಕೈ ಬೀಸಿ ಮುಂದೆ ಹೋದ್ರು, ಉರಿದುಹೋಯ್ತು. ಆದ್ರೆ ಅಲ್ಲಿಂದಾಚೆ ಹಿಂದೆ ಸುಣ್ಣಕಲ್ಲು ಸಾಗಿಸ್ತಿದ್ದ ರೈಲಿನ ದಾರಿ, ಕಾನ್ಸೆಟ್ ತನಕ ಪೆಡಲ್ ಮುಟ್ಟೋದೇ ಅಪರೂಪ. 1980ರ ತನಕ ಉಕ್ಕಿನ ಕಾರ್ಖಾನೆ ಇದ್ದ ಊರದು.

ಕೊನೇ ದಿನ ಟೈನ್ ನದಿ ದಂಡೆ ಹಿಡಿದು ಟೈನ್‌ಮೌತ್. ಪ್ರಯರಿ ಅನ್ನೋ ಹಳೇ ಕ್ರೈಸ್ತ ಮಠದ ಪಕ್ಕದ ಬೀಚು ಕೆಳಗಿದೆ, ಸೈಕಲ್ ಇಳಿಸ್ಕೊಂಡು ಹೋದ್ರೆ ಸಮುದ್ರ ಹಿಂದಕ್ಕೆ ಸರಿದಿತ್ತು, ಒದ್ದೆ ಮರಳಲ್ಲಿ ತಳ್ಳಿ ತಳ್ಳಿ ಮುಂದಿನ ಚಕ್ರ ಅದ್ದಿ ಫೋಟೋ ತಗೊಂಡ್ವಿ. ಐದು ದಿನ ಒರೆಸಿ ಒರೆಸಿ ಇಟ್ಕೊಂಡಿದ್ದ ಚೈನ್ ತುಂಬಾ ಮರಳು. ವಾಪಸ್ ಸ್ಟೇಷನ್ ತನಕ ಕರಕರ ಅಂತಾನೇ ಬಂತು.