ಒಂದೇ ಬೇಸ್, ಹಲವು ದನಿ: ಸೆಷನ್‌ಗೆ ಕೂರುವವರಿಗೆ ಫಂಕ್ ಪಾಠ

ಮೈಸೂರಿನಲ್ಲಾಗಲಿ ಮಂಡ್ಯದಲ್ಲಾಗಲಿ ಬೇಸ್ ಗಿಟಾರಿನವರಿಗೆ 'ಫಂಕ್ ನುಡಿಸೋರು ಬೇಕು' ಅಂತ, ಅಂದರೆ ಕುಣಿಸುವ ಲಯವೇ ಮುಖ್ಯವಾದ ಆ ಅಮೆರಿಕನ್ ಸಂಗೀತಕ್ಕೆ, ಫೋನ್ ಬರುವುದು ಅಪರೂಪ. ಸೆಷನ್‌ಗೆ, ಅಂದರೆ ಇನ್ನೊಬ್ಬರ ಹಾಡಿಗೆ ನುಡಿಸಲು, ಕರೆಯುವುದು ಭಕ್ತಿಗೀತೆಗೆ, ಹೊಸ ವಾದ್ಯಗಳ ಜೊತೆ ಹಾಡುವ ಜನಪದಕ್ಕೆ, ಕಿರುಚಿತ್ರದ ಹಿನ್ನೆಲೆಗೆ, ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾಕ್ಕೆ. ಹೋಗಿ ಕೂತ ಮೇಲೆ ಸಂಗೀತ ನಿರ್ದೇಶಕರು 'ಎರಡನೇ ಚರಣ ಸ್ವಲ್ಪ ಫಂಕಿಯಾಗಿರಲಿ' ಅಂತಾರೆ. ಆ 'ಸ್ವಲ್ಪ' ಎಷ್ಟು ಅನ್ನುವುದನ್ನು ಅಳೆಯಬಲ್ಲವರಿಗೆ ಮುಂದಿನ ಸಲವೂ ಕರೆ ಬರುತ್ತದೆ. ಕೈಯಲ್ಲಿರುವುದನ್ನೆಲ್ಲ ಒಂದೇ ಚರಣದಲ್ಲಿ ಸುರಿದವರಿಗೆ ಚಹಾ ಸಿಗುತ್ತದೆ, ಅಷ್ಟೇ.

ಈ ಕಸುಬಿನಲ್ಲಿ ಹೆಸರು ಅನ್ನುವುದು ಕೇಳುಗರ ನಡುವೆ ಹುಟ್ಟುವುದಿಲ್ಲ, ಡ್ರಮ್ಮರ್ ಮತ್ತು ರೆಕಾರ್ಡಿಂಗ್ ಎಂಜಿನಿಯರ್ ಬಾಯಲ್ಲಿ ಹುಟ್ಟುತ್ತದೆ. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಹಾಡುಗಳಿಗೆ 1960ರ ದಶಕದ ಉದ್ದಕ್ಕೂ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಹೆಸರು ಆ ಕಂಪನಿಯ ಆಲ್ಬಂ ಹೊದಿಕೆಯ ಮೇಲೆ ಬಂದದ್ದು 1971ರಲ್ಲಿ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಅವರು ಸೇರಿದ್ದು 2000ದಲ್ಲಿ, ತೀರಿಕೊಂಡು 16 ವರ್ಷ ಕಳೆದ ಮೇಲೆ. ಆದರೆ ಸ್ಟುಡಿಯೊದೊಳಗಿನವರಿಗೆ ಅವರು ಯಾರೆಂದು ಮೊದಲ ದಿನದಿಂದಲೇ ಗೊತ್ತಿತ್ತು.

ಸ್ವರ ನಿಲ್ಲಿಸುವುದು

ಕಲಿಯುವವರು ಸ್ವರ ಎಲ್ಲಿ ಶುರುವಾಗಬೇಕು ಎಂದು ನೋಡುತ್ತಾರೆ. ಎಲ್ಲಿ ನಿಲ್ಲಬೇಕು ಎಂದು ನೋಡುವವರು ಕಡಿಮೆ. ಫಂಕ್‌ನ ಅರ್ಧ ಗುಟ್ಟು ಅಲ್ಲೇ ಇದೆ.

ಲೆಕ್ಕಕ್ಕೆ ಬೇರೆ ಊರಿನ ಭಾಷೆ ಬೇಕಿಲ್ಲ. ನಾಲ್ಕು ಪೆಟ್ಟಿಗೆ ನಾಲ್ಕು ಸಲ 'ತಕಧಿಮಿ' ಹೇಳಿ, ಹದಿನಾರು ಮನೆ ಸಿಗುತ್ತವೆ. ವೇಗ ನಿಮಿಷಕ್ಕೆ 96 ಪೆಟ್ಟು ಇದ್ದರೆ ಒಂದು ಪೆಟ್ಟು 625 ಮಿಲಿಸೆಕೆಂಡು, ಒಂದು ಮನೆ ಸುಮಾರು 156. ಈಗ ಇ ಮೈನರ್‌ನಲ್ಲಿ ಇದನ್ನು ಬಾಯಲ್ಲಿ ಹೇಳುತ್ತ ನುಡಿಸಿ:

ಮೊದಲ ಪೆಟ್ಟು: 'ತ'ಗೆ ಎ ತಂತಿಯ 7ನೇ ಫ್ರೆಟ್ (ಕುತ್ತಿಗೆಯ ಮೇಲಿನ ಅಡ್ಡ ಲೋಹಪಟ್ಟಿ). 'ಕ' ಮುಗಿಯುವವರೆಗೆ ಹಿಡಿದು 'ಧಿ' ಬರುವ ಹೊತ್ತಿಗೆ ಸರಿಯಾಗಿ ನಿಲ್ಲಿಸಿ. 'ಮಿ'ಗೆ ಘೋಸ್ಟ್ ನೋಟ್ (ಶ್ರುತಿ ಇಲ್ಲದ ಪೆಟ್ಟು, ವಿವರ ಮುಂದಿದೆ).
ಎರಡನೇ ಪೆಟ್ಟು: 'ತ' ಖಾಲಿ, ಅದು ಡ್ರಮ್ ಸೆಟ್ಟಿನ ಚೂಪು ದನಿಯ ಸ್ನೇರ್‌ನ ಜಾಗ. 'ಕ' ಘೋಸ್ಟ್, 'ಧಿ'ಗೆ ಎ ತಂತಿಯ 5, 'ಮಿ'ಗೆ 7.
ಮೂರನೇ ಪೆಟ್ಟು: 'ತ' ಮತ್ತು 'ಕ' ಖಾಲಿ, 'ಧಿ'ಗೆ 7, 'ಮಿ' ಘೋಸ್ಟ್.
ನಾಲ್ಕನೇ ಪೆಟ್ಟು: 'ತ' ಮತ್ತೆ ಸ್ನೇರ್‌ಗೆ ಬಿಡಿ, 'ಕ' ಖಾಲಿ. 'ಧಿ'ಗೆ ಇ ತಂತಿಯ 7, 'ಮಿ'ಗೆ ಎ ತಂತಿಯ 5.

ಇಲ್ಲಿ ಕೆಡುವುದು ಬಹುಪಾಲು ಎರಡು ಕಡೆ. ಮೊದಲ ಸ್ವರವನ್ನು ಸ್ನೇರ್ ಬರುವವರೆಗೂ ಎಳೆದರೆ ಸ್ನೇರ್ ಮಂಕಾಗಿ ಕೇಳುತ್ತದೆ. ಎಂಜಿನಿಯರ್ ಸ್ನೇರ್ ಏರಿಸುತ್ತ ಹೋಗುತ್ತಾರೆ, ತಪ್ಪು ಬೇಸ್‌ನಲ್ಲಿದೆ ಎಂದು ಯಾರಿಗೂ ಹೊಳೆಯುವುದಿಲ್ಲ. ಇನ್ನೊಂದು, ಖಾಲಿ ಮನೆಗಳಲ್ಲಿ ಕೈ ಅವಸರ ಮಾಡುವುದು. ಇದಕ್ಕೆ ಮದ್ದು: ಮೆಟ್ರೋನೋಮನ್ನು 48ಕ್ಕೆ ಇಳಿಸಿ, ಕ್ಲಿಕ್ಕನ್ನು ಎರಡನೇ ಮತ್ತು ನಾಲ್ಕನೇ ಪೆಟ್ಟು ಎಂದು ಭಾವಿಸಿ ನುಡಿಸಿ. ಅದು ಕೂತ ಮೇಲೆ 24ಕ್ಕೆ ಇಳಿಸಿ, ಆಗ ಒಂದು ಸುತ್ತಿಗೆ ಒಂದೇ ಕ್ಲಿಕ್. ಹತ್ತು ಸುತ್ತು ಆದ ಮೇಲೂ 'ತ' ಮತ್ತು ಕ್ಲಿಕ್ ಒಂದೇ ಕಡೆ ಬಿದ್ದರೆ ಸ್ಟುಡಿಯೊಗೆ ಹೋಗಬಹುದು. ಫಂಕ್ ಗಾಯಕ ಜೇಮ್ಸ್ ಬ್ರೌನ್ ತಂಡಕ್ಕೆ 1970ರಲ್ಲಿ ಸೇರಿದ ಬೇಸ್ ವಾದಕ ಬೂಟ್ಸಿ ಕಾಲಿನ್ಸ್‌ಗೆ ಅಲ್ಲಿ ಸಿಕ್ಕ ಪಾಠವೂ ಇದೇ: ಮೊದಲ ಪೆಟ್ಟನ್ನು ಗಟ್ಟಿಯಾಗಿ ಕೊಡು, ಆಮೇಲೆ ಏನು ಬೇಕಾದರೂ ಮಾಡಿಕೋ. ತಾಳ ಹಾಕಿ ಬೆಳೆದವರಿಗೆ ಸಮದ ಬೆಲೆಯನ್ನು ಬೇರೆ ಹೇಳಬೇಕಿಲ್ಲ.

ಘೋಸ್ಟ್ ನೋಟ್ ಅಂದರೆ ಶ್ರುತಿ ಇಲ್ಲದ 'ಟಕ್'. ಎಡಗೈಯ ಒಂದೇ ಬೆರಳನ್ನು ತಂತಿಯ ಮೇಲೆ ಇಟ್ಟು ಮೀಟಿದರೆ 5, 7, 12ನೇ ಫ್ರೆಟ್‌ಗಳ ಮೇಲೆ ಗಂಟೆಯಂತೆ ಹಾರ್ಮೋನಿಕ್ ಕೇಳುತ್ತದೆ, ಹೆಡ್‌ಫೋನಿನಲ್ಲಂತೂ ಕಿವಿಗೆ ಚುಚ್ಚುತ್ತದೆ. ಕನಿಷ್ಠ ಎರಡು ಬೆರಳನ್ನು, ಸಾಧ್ಯವಾದರೆ ಮೂರನ್ನು ಮಲಗಿಸಿ. ಟವರ್ ಆಫ್ ಪವರ್ ತಂಡದ ಬೇಸ್ ವಾದಕ ರಾಕೊ ಪ್ರೆಸ್ಟಿಯಾ ಹದಿನಾರೂ ಮನೆ ತುಂಬಿ ನುಡಿಸಿದರೂ ಗದ್ದಲ ಅನ್ನಿಸದೇ ಇದ್ದದ್ದು ಎಡಗೈ ಹೀಗೆ ತಂತಿಗಳನ್ನು ಅದುಮಿ ಹಿಡಿಯುತ್ತಿದ್ದುದರಿಂದ.

ದನಿ ಬದಲಿಸುವುದು

ಸೆಷನ್‌ಗೆ ನಾಲ್ಕು ಬೇಸ್ ಹೊತ್ತುಕೊಂಡು ಹೋಗುವುದು ನಮ್ಮ ಊರಿನ ಮಾತಲ್ಲ. ಒಂದರಲ್ಲೇ ದನಿ ಬದಲಿಸಬೇಕು.

ಮೊದಲ ಸಾಧನ ಪಾತ್ರೆ ತಿಕ್ಕುವ ಸ್ಪಂಜು. ಹೊಸದನ್ನೇ ತನ್ನಿ. ಹಸಿರು ಒರಟು ಪದರ ಕಿತ್ತು ಹಾಕಿ, ಮೆತ್ತನೆಯ ಭಾಗದಿಂದ 7 ಸೆಂ.ಮೀ. ಉದ್ದ, ಒಂದೂವರೆ ಸೆಂ.ಮೀ. ಅಗಲದ ತುಂಡು ಕತ್ತರಿಸಿ. ಕುದುರೆಗೆ, ಅಂದರೆ ಬ್ರಿಜ್‌ಗೆ ಒತ್ತಿಕೊಂಡಂತೆ ತಂತಿಗಳ ಕೆಳಗೆ ತೂರಿಸಿ. ತಂತಿಯನ್ನು ಬರೀ ತಾಕಬೇಕು, ಎತ್ತಬಾರದು. ಎತ್ತಿದರೆ ಶ್ರುತಿ ಏರುತ್ತದೆ, ಟ್ಯೂನರ್‌ನಲ್ಲಿ ಮುಳ್ಳು ಬಲಕ್ಕೆ ವಾಲುತ್ತದೆ. ಮೀಟಿದ ಸ್ವರ ಒಂದು ಸೆಕೆಂಡಿನೊಳಗೆ ತಾನಾಗಿ ಸತ್ತರೆ ದಪ್ಪ ಸರಿಯಾಗಿದೆ. 'ಠಕ್' ಎಂದು ಮರ ಬಡಿದಂತೆ ಕೇಳಿದರೆ ಸ್ಪಂಜನ್ನು ಇನ್ನಷ್ಟು ತೆಳುವಾಗಿ ಕತ್ತರಿಸಿ. ಬಲಗೈಯನ್ನು ಫ್ರೆಟ್‌ಬೋರ್ಡ್ ಕಡೆಗೆ ಸರಿಸಿ, ಟೋನ್ ನಾಬ್ ಅರ್ಧ ಇಳಿಸಿ, ತೋರುಬೆರಳೊಂದರಿಂದಲೇ ಮೀಟಿ. ಜೇಮರ್ಸನ್ ಕೂಡ ತಮ್ಮ 1962ರ ಫೆಂಡರ್ ಪ್ರಿಸಿಷನ್ ಬೇಸ್‌ನಲ್ಲಿ ಬ್ರಿಜ್ ಮುಚ್ಚಳದ ಕೆಳಗೆ ಫೋಮ್ ಇಟ್ಟು, ಹಳೆಯ ಫ್ಲಾಟ್‌ವೂಂಡ್ (ಮೈ ನುಣುಪಾದ) ತಂತಿಯನ್ನು ಒಂದೇ ಬೆರಳಲ್ಲಿ ಮೀಟುತ್ತಿದ್ದರು. ನಮ್ಮ ಭಾವಗೀತೆಗೂ ಭಕ್ತಿಗೀತೆಗೂ ಇದಕ್ಕಿಂತ ಹೊಂದುವ ದನಿ ಇನ್ನೊಂದಿಲ್ಲ: ಗಾಯಕರ ಕಾಲಿಗೆ ತೊಡರುವುದಿಲ್ಲ.

ಸ್ಲ್ಯಾಪ್, ಅಂದರೆ ತಂತಿಯನ್ನು ಹೆಬ್ಬೆರಳಲ್ಲಿ ಬಡಿದು ಇನ್ನೊಂದು ಬೆರಳಲ್ಲಿ ಎಳೆದು ಬಿಡುವುದು, ಎಲ್ಲರಿಗೂ ಆಸೆ. ಅಮೆರಿಕದ ಬೇಸ್ ವಾದಕ ಲ್ಯಾರಿ ಗ್ರಹಾಂ ಅದನ್ನು ರೂಢಿಸಿಕೊಂಡದ್ದು ಮೆರೆಯುವುದಕ್ಕಲ್ಲ. ತಾಯಿಯ ಜೊತೆ ನುಡಿಸುವಾಗ ಡ್ರಮ್ಮರ್ ಇರಲಿಲ್ಲ, ಹಾಗಾಗಿ ಹೆಬ್ಬೆರಳು ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಆಯಿತು, ಎಳೆದು ಬಿಡುವ ಬೆರಳು ಸ್ನೇರ್ ಆಯಿತು. ಅಂದ ಮೇಲೆ ಡ್ರಮ್ಮರ್ ಇರುವಲ್ಲಿ ಅದನ್ನು ಎಷ್ಟು ಬಳಸಬೇಕು ಎಂದು ಯೋಚಿಸಿ. ಹೆಬ್ಬೆರಳ ಗೆಣ್ಣಿನ ಮೂಳೆ ಕೊನೆಯ ಫ್ರೆಟ್‌ನ ಹತ್ತಿರ ಬಡಿದು ತಕ್ಷಣ ಹಿಂದಕ್ಕೆ ಪುಟಿಯಬೇಕು. ಅಲ್ಲೇ ಒತ್ತಿಕೊಂಡರೆ ಸ್ವರ ಹುಟ್ಟುವ ಮೊದಲೇ ಸಾಯುತ್ತದೆ. ಎಳೆತದ ಸದ್ದು ಬಡಿತಕ್ಕಿಂತ ದುಪ್ಪಟ್ಟಾಗುವುದು ಮಾಮೂಲಿ ತೊಂದರೆ. ಬೆರಳನ್ನು ತಂತಿಯ ಕೆಳಗೆ ಆಳಕ್ಕೆ ತೂರಿಸುವುದೇ ಕಾರಣ, ಉಗುರಿನ ಅರ್ಧದಷ್ಟು ತೂರಿದರೆ ಸಾಕು. ಜೋರು, ಮೆಲ್ಲಗಿನ ಸದ್ದುಗಳ ಅಂತರ ತಗ್ಗಿಸುವ ಕಂಪ್ರೆಸರ್ ಸರಿಮಾಡುತ್ತದೆ ಎಂದು ಬಿಡಬೇಡಿ.

ಗಿಟಾರ್‌ನಿಂದ ಬೇಸ್‌ಗೆ ಬಂದ ಲಾಸ್ ಏಂಜಲೀಸ್‌ನ ಕ್ಯಾರಲ್ ಕೇ ಅವರಂತೆ ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಹಿಡಿಯುವುದನ್ನೂ ಕಲಿತಿರಿ. ಕುಣಿಸುವ ಜನಪದಕ್ಕೆ, ತಮಟೆ ಜೋರಾಗಿರುವ ಕಡೆ, ಪಿಕ್‌ನ ಚೂಪು ದನಿಯೊಂದೇ ಹೊರಗೆ ಕೇಳುವುದು.

ಎಲ್ಲಿ ನುಡಿಸಬಾರದು

ಫಂಕ್‌ನ ಎಲ್ಲರಿಗೂ ಗೊತ್ತಿರುವ ತುಣುಕು ಸ, ಕೋಮಲ ನಿ, ಪ. ಹಾಡು ಮೋಹನದಲ್ಲಿದ್ದರೆ ಆ ನಿಷಾದ ರಾಗದಲ್ಲೇ ಇಲ್ಲ. ಗಾಯಕಿ ಮುಖ ಕಿವುಚುವುದು ಅದಕ್ಕೆ, ನಿಮ್ಮ ತಾಳಕ್ಕಲ್ಲ. ಅದೇ ಲಯ ಇಟ್ಟುಕೊಂಡು ಸ, ದ, ಪ ನುಡಿಸಿ. ಫಂಕ್ ಲಯದಲ್ಲಿ ಉಳಿಯುತ್ತದೆ, ರಾಗವೂ ಉಳಿಯುತ್ತದೆ. ಸೆಷನ್‌ಗೆ ಹೋಗುವ ಮೊದಲು ಹಾಡಿನ ರಾಗ ಕೇಳಿಕೊಳ್ಳುವುದು ನಾಚಿಕೆಯ ವಿಷಯವಲ್ಲ.

ಎಡವುವ ಇನ್ನೊಂದು ಜಾಗ ಕೀಬೋರ್ಡಿನ ಟ್ರಾನ್ಸ್‌ಪೋಸ್ ಬಟನ್, ಒತ್ತುವ ಕೀ ಅದೇ ಇದ್ದರೂ ಕೇಳುವ ಸ್ಕೇಲ್ ಬದಲಿಸುವಂಥದ್ದು. ಗಾಯಕರು ಸ್ಕೇಲ್ ಇಳಿಸಿ ಅಂದ ತಕ್ಷಣ ಕೀಬೋರ್ಡಿನವರು ಎರಡು ಮೆಟ್ಟಿಲು ಇಳಿಸಿ, ತಾವು ಒತ್ತುವ ಕೀ ನೋಡಿ 'ಎ ಮೈನರ್' ಎಂದೇ ಕೂಗುತ್ತಾರೆ. ಕೇಳುವುದು ಜಿ ಮೈನರ್. ಅವರು ಕೂಗಿದ್ದನ್ನು ನಂಬದೆ ಒಂದು ಸ್ವರ ಮೆಲ್ಲಗೆ ಮೀಟಿ ಕೇಳಿ. ಯಾವ ಗ್ರೂವ್ (ಮರಳಿ ಮರಳಿ ಬರುವ ಲಯದ ತುಣುಕು) ಕಲಿತರೂ ತೆರೆದ ತಂತಿ, ಅಂದರೆ ಎಡಗೈ ಒತ್ತದೆ ಮೀಟುವ ತಂತಿ, ಬಳಸದೆ ಒಮ್ಮೆ ಕಲಿಯಿರಿ. ಮೇಲಿನ ಉದಾಹರಣೆಯಲ್ಲಿ ತೆರೆದ ತಂತಿ ಇಲ್ಲದಿರುವುದು ಇದಕ್ಕೇ: ಸ್ಕೇಲ್ ಏರಲಿ ಇಳಿಯಲಿ, ಕೈಯನ್ನು ಹಾಗೆಯೇ ಸರಿಸಿದರೆ ಆಯಿತು.

ವೇದಿಕೆಯ ಗುಂಯ್

ಪೆಂಡಾಲಿನಲ್ಲಿ ಸೀರಿಯಲ್ ಸೆಟ್ಟು, ಜನರೇಟರ್, ಉದ್ದ ವೈರು. ಜಾಜ್ ಬೇಸ್ ಮಾದರಿಯ ವಾದ್ಯದಲ್ಲಿ ಎರಡು ಪಿಕಪ್‌ಗಳ (ತಂತಿಯ ಕಂಪನ ಹಿಡಿಯುವ ಕಾಂತದ ಸಾಧನ) ವಾಲ್ಯೂಮ್ ಸಮ ಇದ್ದಾಗ ಮಾತ್ರ ಗುಂಯ್ ಒಂದಕ್ಕೊಂದು ವಜಾ ಆಗುತ್ತದೆ. ಒಂದನ್ನು ಇಳಿಸಿದ ಕೂಡಲೇ ಮತ್ತೆ ಶುರು. ಹಾಗಾಗಿ ಅಲ್ಲಿ ಎರಡನ್ನೂ ಪೂರ್ತಿ ತೆರೆದಿಡಿ, ದನಿಯನ್ನು ಕೈಯ ಜಾಗದಿಂದ ಬದಲಿಸಿ. ಅದಕ್ಕೂ ಬಗ್ಗದಿದ್ದರೆ ಬೇಸನ್ನು ಮಿಕ್ಸರ್‌ಗೆ ಜೋಡಿಸುವ ಡಿಐ ಬಾಕ್ಸ್‌ನ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಪ್ಲಗ್ಗಿನ ಮೂರನೇ ಪಿನ್ ಕಿತ್ತು ಗುಂಯ್ ನಿಲ್ಲಿಸುವವರು ಇದ್ದಾರೆ. ಅಂಥ ಆಂಪ್ಲಿಫೈಯರ್‌ಗೆ ನಿಮ್ಮ ಬೇಸ್ ಸಿಕ್ಕಿಸಬೇಡಿ. ಕೈ ತಂತಿಯ ಮೇಲೆ, ತುಟಿ ಮೈಕಿಗೆ ತಾಕಿದರೆ ಕರೆಂಟು ಹೊಡೆಯುತ್ತದೆ.

ಆಕ್ಟಿವ್ ಬೇಸ್ ಆದರೆ ವೈರ್ ಚುಚ್ಚಿದ್ದಷ್ಟೂ ಹೊತ್ತು 9 ವೋಲ್ಟ್ ಬ್ಯಾಟರಿ ಖರ್ಚಾಗುತ್ತದೆ. ಊಟಕ್ಕೆ ಏಳುವಾಗ ವೈರ್ ಕಿತ್ತಿಡಿ. ದನಿ ಒಡೆದಂತೆ ಕೇಳಿದರೆ ಸ್ಪೀಕರ್ ಬೈಯುವ ಮೊದಲು ಬ್ಯಾಟರಿ ಬದಲಿಸಿ ನೋಡಿ.

ಮನೆಯಿಂದ ಕಳಿಸುವಾಗ

ಈಗ ಅರ್ಧ ಕೆಲಸ ಬೆಂಗಳೂರಿನ ಸ್ಟುಡಿಯೊದವರು ಟ್ರ್ಯಾಕ್ ಕಳಿಸಿ, ನೀವು ಸರಸ್ವತಿಪುರಂನ ಕೋಣೆಯಲ್ಲೋ ಮಂಡ್ಯದ ಮಹಡಿ ಮೇಲೋ ನುಡಿಸಿ ವಾಪಸು ಕಳಿಸುವುದು. 24 ಬಿಟ್, 48 ಕಿಲೊಹರ್ಟ್ಸ್, ಅತಿ ಜೋರಾದ ಸ್ವರವೂ ಮೈನಸ್ 10 ಡೆಸಿಬಲ್ ದಾಟದಂತೆ ಇನ್‌ಪುಟ್ ಇಡಿ. ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಸ್ಯಾಂಪಲ್‌ಗಳ ಸಂಖ್ಯೆ) 128. ಅದನ್ನು 1024ಕ್ಕೆ ಬಿಟ್ಟರೆ ಬಫರ್ ಒಂದರಿಂದಲೇ 21 ಮಿಲಿಸೆಕೆಂಡು ತಡ. ನಿಮ್ಮ ಸ್ವರ ನಿಮಗೇ ತಡವಾಗಿ ಕೇಳಿ ಕೈ ಮುಂದೋಡುತ್ತದೆ, ಅಲ್ಲಿಂದ 'ಓಡಿಸಿದ್ದೀರಿ' ಎಂದು ಫೋನ್ ಬರುತ್ತದೆ. ಬ್ಲೂಟೂತ್ ಹೆಡ್‌ಫೋನ್ ಹತ್ತಿರವೂ ಸುಳಿಯಬಾರದು.

ಹಾಡಿನ ಸೊನ್ನೆಯಿಂದಲೇ ಫೈಲ್ ಶುರುವಾಗಲಿ, ಮೊದಲ ನಿಮಿಷ ನಿಮ್ಮ ಸ್ವರ ಇಲ್ಲದಿದ್ದರೂ ಸರಿ. ಎಲ್ಲಿ ಕೂರಿಸಬೇಕು ಎಂದು ಎಂಜಿನಿಯರ್ ಹುಡುಕುವಂತಾದರೆ ನಿಮ್ಮ ಹೆಸರು ಅಲ್ಲೇ ಅರ್ಧ ಇಳಿಯಿತು. ಎರಡು ಫೈಲ್ ಕಳಿಸಿ: ಏನೂ ಹಚ್ಚದ ಡಿಐ ಒಂದು, ನಿಮ್ಮ ದನಿ ಹಚ್ಚಿದ್ದು ಇನ್ನೊಂದು. ಜೊತೆಗೆ ಕೇಳದಿದ್ದರೂ ಒಂದು ಸಾದಾ ಟೇಕ್, ಸ್ಲ್ಯಾಪ್ ಇಲ್ಲದ, ಸ ಮತ್ತು ಪ ಮಾತ್ರ ಇರುವಂಥದ್ದು. ಕೊನೆಯ ಮಿಕ್ಸ್‌ನಲ್ಲಿ ಅದೇ ಉಳಿಯುವುದು ಎಷ್ಟು ಸಲವೋ. ತಿದ್ದುಪಡಿ ಎಷ್ಟು ಸಲ, ದುಡ್ಡು ಹಾಡಿಗೋ ದಿನಕ್ಕೋ ಅನ್ನುವುದನ್ನು ನುಡಿಸುವ ಮೊದಲೇ ಮೆಸೇಜಿನಲ್ಲಿ ಬರೆದುಕೊಳ್ಳಿ.

ಹೊರಡುವ ಮುನ್ನ

ಮಳೆಗಾಲದಲ್ಲಿ ಕುತ್ತಿಗೆಯ ಮರ ತೇವ ಕುಡಿದು ಬಾಗುತ್ತದೆ, ಮಾರ್ಚ್‌ನಲ್ಲಿ ಒಣಗಿ ನೆಟ್ಟಗಾಗಿ ತಂತಿ ಝಣಝಣ ಎನ್ನುತ್ತದೆ. ಮೊದಲ ಫ್ರೆಟ್ ಮೇಲೆ ಕೇಪೊ (ತಂತಿ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಕೊನೆಯ ಫ್ರೆಟ್ ಒತ್ತಿ ಹಿಡಿದು 8ನೇ ಫ್ರೆಟ್‌ನ ಸಂದಿ ನೋಡಿ. ವಿಸಿಟಿಂಗ್ ಕಾರ್ಡ್ ಒಂದು ಬಿಗಿಯಿಲ್ಲದೆ ತೂರಬೇಕು, ಅಂದರೆ ಸುಮಾರು 0.3 ಮಿ.ಮೀ. ಹೆಚ್ಚಿದ್ದರೆ ಕುತ್ತಿಗೆಯೊಳಗಿನ ಲೋಹದ ಸರಳು, ಟ್ರಸ್ ರಾಡನ್ನು ಬಲಕ್ಕೆ ಕಾಲು ಸುತ್ತು ತಿರುಗಿಸಿ, ಒಂದು ರಾತ್ರಿ ಬಿಟ್ಟು ಮತ್ತೆ ಅಳೆಯಿರಿ. ಗಟ್ಟಿ ಅನ್ನಿಸಿದರೆ ನಿಲ್ಲಿಸಿ.

ಬೈಕಿನಲ್ಲಿ ಬೆಂಗಳೂರಿಗೆ ಹೊರಟವರು ಸರ್ವಿಸ್ ರಸ್ತೆಯ ಲೆಕ್ಕ ಹಾಕಿ, 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ದ್ವಿಚಕ್ರ ಬಿಡುವುದಿಲ್ಲ. ಬೆನ್ನ ಮೇಲೆ ಬಿಸಿಲು ಕುಡಿದ ಬೇಸ್ ಎಸಿ ಕೋಣೆಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಬೇಕು. ಬ್ಯಾಗ್ ತೆರೆದಿಟ್ಟು ಕಾಫಿ ಕುಡಿದು ಬನ್ನಿ, ಆಮೇಲೆ ಶ್ರುತಿ ಮಾಡಿ.