ಒಂದು, ಮೂರು, ಐದು: ನನ್ನ ದಾಳದ ಆಟ ಸಮಕ್ಕೆ ಬಂದಿದ್ದು ಹೀಗೆ

ನಮ್ಮ ಬಡಾವಣೆಯ ಗಣೇಶ ಹಬ್ಬದಲ್ಲಿ ಮೂರು ವರ್ಷದಿಂದ ದಾಳದ ಮಳಿಗೆ ನನ್ನದು. ಮೂರು ದಾಳ, ಆರು ಚಿತ್ರ, ಆರು ಮನೆ. ಬೇಕಾದ ಚಿತ್ರದ ಮನೆ ಮೇಲೆ ಪಣ ಇಡೋದು, ದಾಳದಲ್ಲಿ ಆ ಚಿತ್ರ ಬಿದ್ದರೆ ಇಟ್ಟದ್ದೂ ವಾಪಸ್, ಮೇಲೆ ಗೆಲುವೂ ಸಿಗುತ್ತೆ; ಬೀಳದಿದ್ದರೆ ಇಟ್ಟದ್ದು ಹೋಯಿತು. ಬ್ರಿಟಿಷ್ ನಾವಿಕರ ಕ್ರೌನ್ ಆ್ಯಂಡ್ ಆ್ಯಂಕರ್ ಆಟವೇ. ಪಣಕ್ಕೆ ದುಡ್ಡಲ್ಲ, ಹುಣಸೆ ಬೀಜ. ಹತ್ತು ರೂಪಾಯಿ ಟಿಕೆಟ್‌ಗೆ ಹನ್ನೆರಡು ಬೀಜ, ಕಾಲು ಗಂಟೆ ಆಟ. ಕೊನೆಗೆ ಹೆಚ್ಚು ಬೀಜ ಉಳಿಸಿಕೊಂಡವರಿಗೆ ಶೇಂಗಾ ಚಿಕ್ಕಿ.

ಮೊದಲ ವರ್ಷ ಹಳೇ ಪದ್ಧತಿಯಲ್ಲೇ ಕೊಟ್ಟೆ: ಚಿತ್ರ ಒಂದು ದಾಳದಲ್ಲಿ ಬಿದ್ದರೆ ಒಂದು, ಎರಡರಲ್ಲಿ ಬಿದ್ದರೆ ಎರಡು, ಮೂರರಲ್ಲೂ ಬಿದ್ದರೆ ಮೂರು. ಆರು ಮಕ್ಕಳ 72 ಬೀಜದಲ್ಲಿ ಹತ್ತಿರ ಹತ್ತಿರ ಇಪ್ಪತ್ತು ನನ್ನ ಡಬ್ಬ ಸೇರುತ್ತಿತ್ತು. "ಅಂಕಲ್, ಯಾವಾಗ್ಲೂ ನಿಮ್ ಡಬ್ಬನೇ ತುಂಬುತ್ತಲ್ಲಾ?" ಅಂದ ಒಬ್ಬ ಹುಡುಗ. ರಾತ್ರಿಯೆಲ್ಲ ಅದೇ ಕೊರೆಯಿತು. ಮೂರು ದಾಳ ಒಟ್ಟು 216 ರೀತಿ ಬೀಳಬಹುದು. ಒಂದು ಮನೆಗೆ ಅದರಲ್ಲಿ 125 ಸಲ ಸೋಲು, 75 ಸಲ ಒಂದು ದಾಳ, 15 ಸಲ ಎರಡು, ಒಂದೇ ಸಲ ಮೂರೂ. ನಾನು ಗೆಲುವಿಗೆ ಕೊಡುತ್ತಿದ್ದದ್ದು 75+30+3, ಅಂದರೆ 108. ಹದಿನೇಳು ನನಗೇ.

ಎರಡನೇ ವರ್ಷ ಮೂರೂ ಬಿದ್ದರೆ ಇಪ್ಪತ್ತು ಅಂತ ಮಾಡಿದೆ. ಲೆಕ್ಕಕ್ಕೆ ಸಮವೇ, ಆಡಿಸೋಕೆ ಕೆಟ್ಟದ್ದು. ಯಾರಿಗೋ ಒಬ್ಬರಿಗೆ ಇಪ್ಪತ್ತು ಸಿಕ್ಕಿದರೆ ಚಿಕ್ಕಿ ಅವರದೇ, ಉಳಿದವರಿಗೆ ಆಟವೇ ಬೇಡ.

ಈ ಸಲ ಒಂದು, ಮೂರು, ಐದು. 75+45+5, ಸರಿಯಾಗಿ 125. ಆಟದಲ್ಲೇ ಏನೂ ಉಳಿಯದಿದ್ದರೆ ಮಳಿಗೆ ನಡೆಯಲ್ಲ ಅಂದ ಸಮಿತಿಯವರ ಮುಂದೆ ಆರು ಮನೆಗೂ ಒಂದೊಂದು ಬೀಜ ಇಟ್ಟು ದಾಳ ಉರುಳಿಸಿದೆ. ಎರಡು ಆನೆ, ಒಂದು ನವಿಲು. ನಾಲ್ಕು ಮನೆಯ ಬೀಜ ಬಾಚಿಕೊಂಡೆ, ಆನೆಗೆ ಮೂರು, ನವಿಲಿಗೆ ಒಂದು ಕೊಟ್ಟೆ. ಕೈ ಖಾಲಿ! ಆರೂ ಮನೆ ತುಂಬಿದ್ದರೆ ಏನೇ ಬೀಳಲಿ, ಡಬ್ಬಕ್ಕೆ ಒಂದು ಬೀಜವೂ ಹೆಚ್ಚಿಲ್ಲ, ಕಡಿಮೆಯಿಲ್ಲ. ನಮ್ಮ ಸಂಪಾದನೆ ಟಿಕೆಟ್‌ನಲ್ಲಿ ಮಾತ್ರ, ಎಲ್ಲರ ಕಣ್ಣೆದುರಿಗೇ.

ದಾಳಕ್ಕೆ ಕಳೆದುಕೊಂಡದ್ದು ಬೇರೆ. ಬಡಗಿ ಹತ್ತಿರ 450 ರೂಪಾಯಿಗೆ ಮರದ ದಾಳ ಮಾಡಿಸಿದ್ದೆ. ಒಂದನ್ನು 600 ಸಲ ಎಸೆದರೆ ಆನೆ ನೂರರ ಸುಮಾರಿಗೆ ಬರಬೇಕು, ಬಂದದ್ದು ನೂರನಲವತ್ತರಷ್ಟು. ಆನೆಯ ಚಿತ್ರ ಆಳವಾಗಿ ಕೊರೆದಿದ್ದರಿಂದ ಆ ಮೈ ಹಗುರ. ಕವಡೆ ಹಾಕಿ ನೋಡಿದೆ. ಅಂಗಾತ ಬೀಳೋದು, ಬೋರಲು ಬೀಳೋದು ಎರಡೂ ಒಂದೇ ಸಮ ಇಲ್ಲ. ಕೊನೆಗೆ ಪ್ಲಾಸ್ಟಿಕ್ ದಾಳಕ್ಕೆ ಚಿತ್ರದ ಸ್ಟಿಕ್ಕರ್ ಅಂಟಿಸಿದೆ.

ಮೂರು ಸಂಜೆಗೆ ನಲವತ್ತು ತಂಡ ಆಡಿರಬೇಕು. 2,400 ಬಂತು, ಚಿಕ್ಕಿ, ಮಳಿಗೆ ಬಾಡಿಗೆ ಕಳೆದು 1,700 ಸಮಿತಿಗೆ ಕೊಟ್ಟೆ. ಮುಂದಿನ ವರ್ಷಕ್ಕೆ ಇನ್ನೊಂದು ಮೇಜು ಹಾಕಿ ಅಂತ ಈಗ ಅವರೇ ಹೇಳುತ್ತಿದ್ದಾರೆ. ದಾಳ ಉರುಳಿಸೋ ಡಬ್ಬದ ತಳಕ್ಕೆ ಏನು ಹಾಸಿದ್ದೇನೆ ಅನ್ನೋದನ್ನು ಮಾತ್ರ ಸದ್ಯಕ್ಕೆ ಹೇಳಲ್ಲ. ದಾಳ ಚೆನ್ನಾಗಿ ಉರುಳೋದರಲ್ಲಿ ಅರ್ಧ ಪಾಲು ಅದರದೇ.