ಅಲಾಸ್ಕಾದಲ್ಲಿ ಒಂದು ವಾರ: ಹೊಳೆಯಲ್ಲಿ ಸಾಲ್ಮನ್, ಗುಡ್ಡದಲ್ಲಿ ಹಕ್ಕಿ

ಒಂದೇ ವಾರದಲ್ಲಿ ಮೀನಿಗೆ ಗಾಳವೂ ಹಕ್ಕಿ ಬೇಟೆಯೂ ಆಗಬೇಕಾದರೆ ಮೊದಲು ತಾರೀಕು ಗೊತ್ತುಮಾಡಿಕೊಳ್ಳಿ, ಉಳಿದದ್ದೆಲ್ಲ ಆಮೇಲೆ. ಅಲಾಸ್ಕಾದ ನೈಋತ್ಯದಲ್ಲಿ ಬ್ರಿಸ್ಟಲ್ ಬೇ ಇದೆ. ಅಲ್ಲಿ ರಸ್ತೆಯೇ ಹೋಗದ ಹೊಳೆ, ಸರೋವರಗಳ ದಡದಲ್ಲಿ ಗಾಳ ಹಾಕುವವರಿಗೆಂದೇ ಲಾಡ್ಜ್‌ಗಳಿವೆ. ಜುಲೈನಲ್ಲಿ ಹೋದರೆ ಸಾಕಯ್ ಜಾತಿಯ ಸಾಲ್ಮನ್ ಮೀನು ಧಾರಾಳ, ಆದರೆ ಹಕ್ಕಿ ಬೇಟೆಗೆ ಅನುಮತಿ ಇಲ್ಲ. ಟಾರ್ಮಿಗನ್ (ಕೋಳಿ ಜಾತಿಯ ಒಂದು ಗುಡ್ಡದ ಹಕ್ಕಿ) ಬೇಟೆ ಶುರುವಾಗುವುದು ಆಗಸ್ಟ್ 10ಕ್ಕೆ, ಸಿಲ್ವರ್ ಎಂಬ ಇನ್ನೊಂದು ಜಾತಿಯ ಸಾಲ್ಮನ್ ಹೊಳೆ ಹತ್ತುವುದೂ ಹೆಚ್ಚುಕಮ್ಮಿ ಆಗಲೇ. ಸಾಕಯ್ ಇಟ್ಟ ಮೊಟ್ಟೆ ತಿಂದು ರೇನ್‌ಬೋ ಟ್ರೌಟ್ ಮೀನು ಕೊಬ್ಬುವ ಕಾಲವೂ ಅದೇ. ಅದಕ್ಕೇ ನನ್ನ ಕೇಳಿದರೆ ಆಗಸ್ಟ್ ಕೊನೆಯ ಎರಡು ವಾರ ಅನ್ನುತ್ತೇನೆ.

ಆಮೇಲೆ ಕಾಗದಪತ್ರ. ಇದನ್ನು ಎಚ್-1ಬಿ ಅಥವಾ ಪ್ರವಾಸಿ ವೀಸಾದಲ್ಲಿರುವ ನಮ್ಮವರು ಎರಡು ಸಲ ಓದಿ. ಇಂಥ ವೀಸಾದಲ್ಲಿ ಇರುವವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ ಎಂದು ಅಮೆರಿಕದ ಕೇಂದ್ರ ಕಾನೂನು ಹೇಳುತ್ತದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಕೈಯಲ್ಲಿದ್ದರೆ ಮಾತ್ರ ವಿನಾಯಿತಿ. ಹಾಗಾಗಿ ಮೊದಲು ಲೈಸೆನ್ಸ್, ಆಮೇಲೆ ಕೋವಿ. ಲಾಡ್ಜಿನವರ ಕೋವಿಯನ್ನು ಸುಮ್ನೆ ಒಂದು ಸಲ ನೋಡೋಣ ಅಂತ ಕೈಗೆ ತೆಗೆದುಕೊಳ್ಳುವುದೂ ಬೇಡ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಮೀನಿನ ಲೈಸೆನ್ಸ್ ಬೇರೆಯೇ ತೆಗೆದುಕೊಳ್ಳಬೇಕು. ದಿನಕ್ಕೆ ಎಷ್ಟು ಹಕ್ಕಿ, ಎಷ್ಟು ಮೀನು ಎಂಬ ಲೆಕ್ಕ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ರಾಜ್ಯದ ಫಿಶ್ ಅಂಡ್ ಗೇಮ್ ಇಲಾಖೆಯ ಆ ವರ್ಷದ ಪುಸ್ತಿಕೆಯನ್ನೇ ನೋಡಿ.

ಲಾಡ್ಜ್ ಬುಕ್ ಮಾಡುವ ಮುಂಚೆ ಒಂದು ಪ್ರಶ್ನೆ ಕೇಳಲೇಬೇಕು: ನೀವು ಹಕ್ಕಿಗೆ ಕರೆದೊಯ್ಯುವ ಗುಡ್ಡ ಯಾರದ್ದು? ಕಾಟ್ಮೈ ರಾಷ್ಟ್ರೀಯ ಉದ್ಯಾನದೊಳಗೆ ಬೇಟೆ ನಿಷಿದ್ಧ, ಅದಕ್ಕೆ ಅಂಟಿಕೊಂಡೇ ಇರುವ ಸಂರಕ್ಷಿತ ಪ್ರದೇಶ ಕಾಟ್ಮೈ ಪ್ರಿಸರ್ವ್‌ನಲ್ಲಿ ಅನುಮತಿ ಇದೆ. ಮೂಲನಿವಾಸಿಗಳೇ ಒಡೆಯರಾದ ಕಂಪನಿ‌ಗಳ ಜಮೀನೂ ಸುತ್ತಮುತ್ತ ಇದೆ, ಅಲ್ಲಿ ಅವರ ಒಪ್ಪಿಗೆ ಬೇಕು. ನಾಯಿ ಇದೆಯಾ ಅಂತಲೂ ಕೇಳಿ. ಇಲ್ಲದಿದ್ದರೂ ನಡೆಯುತ್ತದೆ, ಸಾಲಾಗಿ ಅಂತರ ಬಿಟ್ಟು ನಡೆದು ಹಕ್ಕಿ ಎಬ್ಬಿಸಬಹುದು.

ಇನ್ನು ಸಾಮಾನು. ಜನ ಎಡವುವುದು ಇಲ್ಲೇ. ದೊಡ್ಡ ವಿಮಾನದಲ್ಲಿ ಕೋವಿ ಹೋಗಬೇಕಾದರೆ ಗುಂಡು ತೆಗೆದು, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ಕೌಂಟರಿನಲ್ಲಿ ಹೇಳಿ, ಲಗೇಜಿಗೆ ಹಾಕಬೇಕು. ತೋಟಾ ಸಾಮಾನ್ಯವಾಗಿ 11 ಪೌಂಡ್‌ವರೆಗೆ. ಆದರೆ ಕಿಂಗ್ ಸಾಲ್ಮನ್ ಅಥವಾ ಇಲಿಯಾಮ್ನಾ ಎಂಬ ಊರಿನಲ್ಲಿ ಇಳಿದ ಮೇಲೆ ನೀವು ಹತ್ತುವುದು ನೀರಿನ ಮೇಲೆ ಇಳಿಯುವ ಪುಟ್ಟ ಬೀವರ್ ವಿಮಾನ, ಅದರಲ್ಲಿ ಆ ಉದ್ದನೆಯ ಪೆಟ್ಟಿಗೆಗೆ ಜಾಗ ಸಿಗುವುದು ಕಷ್ಟ. ಮೊದಲ ಸಲ ನಾನು ಇದು ಗೊತ್ತಿಲ್ಲದೆ ದಡದಲ್ಲಿ ನಿಂತು ಎಲ್ಲವನ್ನೂ ಬಿಚ್ಚಿ ಕಟ್ಟಿದ್ದೆ. ಒಂದು ಮೆತ್ತನೆಯ ಕೋವಿ ಚೀಲ ಮಡಚಿ ಇಟ್ಟುಕೊಂಡಿರಿ, ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಹೋಗಿ. ಬಟ್ಟೆಯೂ ಮೆತ್ತನೆಯ ಚೀಲದಲ್ಲಿರಲಿ. ನಿಮ್ಮ ತೂಕ ಕೇಳುತ್ತಾರೆ, ನಿಜ ಹೇಳಿ, ಪೈಲಟ್ ಲೆಕ್ಕ ಹಾಕುವುದು ಅದರ ಮೇಲೆಯೇ. ಕರಡಿ ಸ್ಪ್ರೇಯನ್ನು (ಕರಡಿ ಮೇಲೆ ಬಂದರೆ ಎರಚುವ ಖಾರದ ಸ್ಪ್ರೇ) ದೊಡ್ಡ ವಿಮಾನದಲ್ಲಿ ಒಯ್ಯುವಂತಿಲ್ಲ, ಅಲ್ಲೇ ಕೊಳ್ಳಿ. ಬೀವರ್‌ನಲ್ಲಿ ಅದನ್ನು ಒಳಗಿಡದೆ ಕೆಳಗಿನ ತೇಲುದೋಣಿಯೊಳಗೆ ಇಡುತ್ತಾರೆ.

20 ಗೇಜ್ ಕೋವಿ, 6ನೇ ನಂಬರಿನ ಚರೆ ಸಾಕು. ಸಿಲ್ವರ್‌ಗೆ 8 ವೇಟ್ (ಅದು ಎಸೆಯುವ ದಾರದ ತೂಕದ ನಂಬರು) ಗಾಳದ ಕೋಲು, ಟ್ರೌಟ್‌ಗೆ 6. ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟೆ) ಅಡಿಯ ಬೂಟು ತರಬೇಡಿ. ಒಂದು ಹೊಳೆಯ ಪಾಚಿ, ರೋಗ ಇನ್ನೊಂದಕ್ಕೆ ಅಂಟಿಕೊಂಡು ಹೋಗುತ್ತದೆ ಅಂತ 2012ರಲ್ಲಿ ಅಲಾಸ್ಕಾ ಅದನ್ನು ನಿಷೇಧಿಸಿತು.

ಅಲ್ಲಿ ಹೋದ ಮೇಲೆ ದಿನ ಹಂಚುವುದು ಹೇಗೆ? ಬೆಳಿಗ್ಗೆ ಗಾಳ, ಮಧ್ಯಾಹ್ನ ಕೋವಿ ಅಂತ ಮೊದಲೇ ಬರೆದಿಟ್ಟುಕೊಂಡರೆ ಎರಡೂ ಅರ್ಧಂಬರ್ಧ ಆಗುತ್ತವೆ. ಹೊಳೆ ತಿಳಿಯಾಗಿದ್ದರೆ ಇಡೀ ದಿನ ಮೀನು. ಮಳೆ ಬಂದು ನೀರು ಕದಡಿದೆಯಾ, ಗಾಳಿಗೆ ದಾರ ಎಸೆಯಲು ಆಗುತ್ತಿಲ್ಲವಾ, ಅವತ್ತು ಗುಡ್ಡ ಹತ್ತಿ. ಮಂಜು ಕವಿದರೆ ಮಾತ್ರ ಬೇಡ, ಜೊತೆಯವರು ಎಲ್ಲಿದ್ದಾರೆ ಅಂತ ಕಾಣದ ಜಾಗದಲ್ಲಿ ಕೋವಿ ಎತ್ತಬಾರದು.

ಟಾರ್ಮಿಗನ್ ಇರುವುದು ಮೊಣಕಾಲೆತ್ತರದ ವಿಲ್ಲೋ ಪೊದೆಗಳ ಅಂಚಿನಲ್ಲಿ. ಆಗಸ್ಟಿನಲ್ಲಿ ಮೈ ಕಂದು, ರೆಕ್ಕೆ ಬಿಳಿ, ಪಾದದ ಮೇಲೂ ಪುಕ್ಕ. ಮರಿಗಳ ಜೊತೆ ಗುಂಪಾಗಿ ಏಳುತ್ತವೆ. ಗುಂಪಿಗೆ ಹೊಡೆಯಬೇಡಿ, ಒಂದನ್ನು ಆರಿಸಿ, ಬಿದ್ದ ಜಾಗದಿಂದ ಕಣ್ಣು ತೆಗೆಯದೆ ನಡೆದುಹೋಗಿ. ಕಂದು ಹಕ್ಕಿ ಆ ಪೊದೆಯಲ್ಲಿ ಎದುರಿಗಿದ್ದರೂ ಕಾಣುವುದಿಲ್ಲ. ಕರಡಿ ಇರುವ ನಾಡು, ಮಾತಾಡುತ್ತಾ ನಡೆಯಿರಿ.

ಹೊಡೆದ ಹಕ್ಕಿಯ ಎದೆಮಾಂಸ ಬಿಟ್ಟು ಬರುವುದು ಅಲ್ಲಿ ಕಾನೂನಿಗೆ ವಿರುದ್ಧ. ಬೇಗ ಕರುಳು ತೆಗೆದು ತಣ್ಣಗಿಡಿ. ಮಾಂಸ ಕಡುಕೆಂಪು, ಜಾಸ್ತಿ ಬೇಯಿಸಿದರೆ ಗಟ್ಟಿಯಾಗುತ್ತದೆ. ನಾನು ಚೀಲದಲ್ಲಿ ಕಾಳುಮೆಣಸು, ಒಂದು ಡಬ್ಬಿ ಮನೆಯ ಖಾರದ ಪುಡಿ ಇಟ್ಟುಕೊಂಡೇ ಹೋಗುತ್ತೇನೆ. ಬೆಳ್ಳುಳ್ಳಿ ಜಜ್ಜಿ, ಬೆಣ್ಣೆಯಲ್ಲಿ ಬಾಡಿಸಿ, ತೆಳ್ಳಗೆ ಹೆಚ್ಚಿದ ಮಾಂಸ ಹಾಕಿ ಎರಡೇ ನಿಮಿಷ ತಿರುವಿದರೆ ಸಾಕು.

ವಾಪಸು ಟಿಕೆಟ್‌ಗೆ ಎರಡು ದಿನ ಜಾಸ್ತಿ ಇಟ್ಟುಕೊಳ್ಳಿ, ಮಂಜು ಕವಿದರೆ ಬೀವರ್ ಏಳುವುದಿಲ್ಲ.